ಬೆಂಗಳೂರೋ, ಮೈಸೂರೋ, ಹುಬ್ಬಳ್ಳಿಯೋ? ಊರು ಬದಲಿಸುವಾಗ ಮನಸ್ಸಿನ ಮಾತು ಕೇಳಬೇಕೋ, ಲೆಕ್ಕದ ಮಾತು ಕೇಳಬೇಕೋ?

"ಬೆಂಗಳೂರು ಬಿಡಿ, ಮೈಸೂರಿಗೆ ಬನ್ನಿ. ಖರ್ಚು ಅರ್ಧ, ನೆಮ್ಮದಿ ಡಬಲ್!" ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಭಾವನೆಗೆ ಬಿದ್ದು ಊರಿಗೆ ವಾಪಸ್ ಹೋದವರು ಕೆಟ್ಟರು. ಲೆಕ್ಕ ಹಾಕಿ ನಿರ್ಧಾರ ಮಾಡಿ." ಎರಡನ್ನೂ ಓದಿದವರಿಗೆ ಉಳಿಯುವುದು ಗೊಂದಲ ಮಾತ್ರ.

ಊರು ಬದಲಿಸುವುದು ಮೊಬೈಲ್ ಬದಲಿಸಿದಷ್ಟು ಸುಲಭವಲ್ಲ. ಮಕ್ಕಳ ಶಾಲೆ, ಗಂಡ ಹೆಂಡತಿ ಇಬ್ಬರ ಕೆಲಸ, ವಯಸ್ಸಾದ ಅಪ್ಪ ಅಮ್ಮನ ಆಸ್ಪತ್ರೆ ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ಹಾಗಾಗಿ ಇಂಥ ಸಂದೇಶಗಳಲ್ಲಿ ಪದೇ ಪದೇ ಬರುವ ಐದು ಮಾತುಗಳನ್ನು ಒಂದೊಂದಾಗಿ ನೋಡೋಣ.

ವಿಷಯ ಸ್ಪಷ್ಟವಾಗಲಿ ಎಂದು ಒಂದು ಕಾಲ್ಪನಿಕ ಕುಟುಂಬವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಮಗಳು ಮೂರನೇ ಕ್ಲಾಸು. ಗಂಡನ ತಾಯಿ ಧಾರವಾಡದಲ್ಲಿ ಒಬ್ಬರೇ ಇದ್ದಾರೆ. ಅವರ ಮುಂದೆ ನಾಲ್ಕು ದಾರಿಗಳಿವೆ: ಬೆಂಗಳೂರಲ್ಲೇ ಇರುವುದು, ಮೈಸೂರು, ಹುಬ್ಬಳ್ಳಿ-ಧಾರವಾಡ, ಅಥವಾ ಹೆಚ್ಚು ಸಂಬಳ ಸಿಗುವ ಹೈದರಾಬಾದ್.

ಮಾತು 1: "ಭಾವನೆ ಬದಿಗಿಡಿ, ಬರೀ ಲೆಕ್ಕ ನೋಡಿ"

ಇದು ಅರ್ಧ ಮಾತ್ರ ಸರಿ. ಲೆಕ್ಕ ಬೇಕು, ನಿಜ. ಆದರೆ ಭಾವನೆ ಪೂರ್ತಿ ಇಲ್ಲವಾದರೆ ಮನುಷ್ಯ ಒಳ್ಳೆಯ ನಿರ್ಧಾರ ಮಾಡುತ್ತಾನೆ ಎನ್ನುವುದು ತಪ್ಪು ಕಲ್ಪನೆ.

ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರಲ್ಲಿ ಬರೆದ ಪುಸ್ತಕದಲ್ಲಿ ಒಬ್ಬ ರೋಗಿಯ ವಿಚಾರ ಬರುತ್ತದೆ. ಅವರು ಆತನನ್ನು ಎಲಿಯಟ್ ಎಂದು ಕರೆದಿದ್ದಾರೆ. ಗೆಡ್ಡೆಯ ಕಾರಣದಿಂದ ಆತನ ಮೆದುಳಿನ ಮುಂಭಾಗಕ್ಕೆ ಹಾನಿಯಾಗಿತ್ತು. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಆತ ಚೆನ್ನಾಗಿಯೇ ಅಂಕ ಪಡೆಯುತ್ತಿದ್ದ. ನೆನಪು, ಮಾತು, ತರ್ಕ ಎಲ್ಲ ಸರಿಯಾಗಿದ್ದವು. ಆದರೆ ಭಾವನೆಗಳು ಮಾತ್ರ ಬಹುಮಟ್ಟಿಗೆ ಮಂಕಾಗಿದ್ದವು. ಪರಿಣಾಮ? ಸಣ್ಣಪುಟ್ಟ ಆಯ್ಕೆಗಳಲ್ಲೂ ಗಂಟೆಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತಿದ್ದ, ದೊಡ್ಡ ವಿಷಯಗಳಲ್ಲಿ ಎಡವುತ್ತಿದ್ದ. ಕೆಲಸವೂ ಹೋಯಿತು, ಸಂಸಾರವೂ ಮುರಿಯಿತು.

ನಮ್ಮ ಮುಂದಿರುವ ಹತ್ತಾರು ವಿಷಯಗಳಲ್ಲಿ ನಮಗೆ ಯಾವುದು ಮುಖ್ಯ ಎಂದು ಗುರುತು ಹಾಕಿಕೊಡುವುದೇ ಭಾವನೆಯ ಕೆಲಸ. "ಅಮ್ಮ ರಾತ್ರಿ ಒಬ್ಬರೇ ಇರುತ್ತಾರೆ" ಎನ್ನುವ ಆತಂಕ ಲೆಕ್ಕಕ್ಕೆ ಅಡ್ಡಿಯಲ್ಲ, ಅದೂ ಲೆಕ್ಕದ ಒಂದು ಬಾಬತ್ತು. ಅದನ್ನು ಪಟ್ಟಿಯಿಂದ ಬಿಟ್ಟರೆ ಲೆಕ್ಕವೇ ತಪ್ಪಾಗುತ್ತದೆ.

ಭಾವನೆ ಎಡವುವುದು ಬೇರೆ ಜಾಗದಲ್ಲಿ. ಅದು ಎಲ್ಲಿ ಎಂದು ಮುಂದಿನ ಮಾತಿನಲ್ಲಿ ನೋಡಿ.

ಮಾತು 2: "ಒಳ್ಳೆ ಹವೆ, ಹಸಿರು ಇರುವ ಊರಿಗೆ ಹೋದರೆ ಜೀವನವೇ ಬದಲಾಗುತ್ತೆ"

ಮನಶ್ಶಾಸ್ತ್ರಜ್ಞರಾದ ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾನೆಮನ್ ಅವರಿಗೆ ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಮೆರಿಕದ ಎರಡು ಭಾಗಗಳ ವಿದ್ಯಾರ್ಥಿಗಳನ್ನು ಅವರು ಹೋಲಿಸಿದರು: ಚಳಿ ಹೆಚ್ಚಿರುವ ಮಧ್ಯ ಪಶ್ಚಿಮ ಭಾಗ ಮತ್ತು ವರ್ಷವಿಡೀ ಹಿತವಾದ ಹವೆ ಇರುವ ದಕ್ಷಿಣ ಕ್ಯಾಲಿಫೋರ್ನಿಯಾ. "ನಿಮ್ಮಂಥವರೇ ಒಬ್ಬರು ಎಲ್ಲಿದ್ದರೆ ಹೆಚ್ಚು ಸಂತೋಷವಾಗಿರುತ್ತಾರೆ?" ಎಂದು ಕೇಳಿದಾಗ ಎರಡೂ ಕಡೆಯವರ ಉತ್ತರ ಕ್ಯಾಲಿಫೋರ್ನಿಯಾ ಎಂದೇ ಬಂತು. ಆದರೆ ಅವರವರ ಜೀವನದ ಬಗ್ಗೆ ಅವರಿಗಿದ್ದ ತೃಪ್ತಿಯನ್ನು ಕೇಳಿದಾಗ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಇತ್ತು.

ಯಾಕೆ ಹೀಗೆ? ಎರಡು ಊರುಗಳನ್ನು ಹೋಲಿಸುವಾಗ ಎದ್ದು ಕಾಣುವ ವ್ಯತ್ಯಾಸದ ಮೇಲೆ ನಮ್ಮ ಗಮನ ಅಂಟಿಕೊಳ್ಳುತ್ತದೆ. ಮೈಸೂರು ಅಂದ ತಕ್ಷಣ ಚಾಮುಂಡಿ ಬೆಟ್ಟ, ಕುಕ್ಕರಹಳ್ಳಿ ಕೆರೆ, ಅಗಲವಾದ ರಸ್ತೆಗಳು ಕಣ್ಣ ಮುಂದೆ ಬರುತ್ತವೆ. ಆದರೆ ಅಲ್ಲಿಗೆ ಹೋದ ಮೇಲೂ ದಿನದ ಬಹುಪಾಲು ಕಳೆಯುವುದು ಲ್ಯಾಪ್‌ಟಾಪ್ ಮುಂದೆ, ಅಡುಗೆಮನೆಯಲ್ಲಿ, ಮಗಳ ಹೋಮ್‌ವರ್ಕ್ ಜೊತೆ. ಕೆರೆಯ ದಂಡೆಗೆ ಹೋಗುವುದು ವಾರಕ್ಕೊಮ್ಮೆ ಇರಬಹುದು.

ಹಾರ್ವರ್ಡ್ ವಿಶ್ವವಿದ್ಯಾಲಯದ ಹಾಸ್ಟೆಲ್ ವಿದ್ಯಾರ್ಥಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೂ ಇದಕ್ಕೆ ಹತ್ತಿರದ ಮಾತು ಹೇಳುತ್ತದೆ. ಅಲ್ಲಿ ಯಾರಿಗೆ ಯಾವ ಹಾಸ್ಟೆಲ್ ಎನ್ನುವುದು ಲಾಟರಿಯಲ್ಲಿ ತೀರ್ಮಾನವಾಗುತ್ತಿತ್ತು. "ಚೆನ್ನಾಗಿರುವ ಕಟ್ಟಡ ಸಿಕ್ಕರೆ ತುಂಬಾ ಖುಷಿ, ಸಿಗದಿದ್ದರೆ ತುಂಬಾ ಬೇಸರ" ಎಂದು ವಿದ್ಯಾರ್ಥಿಗಳು ಮೊದಲೇ ಅಂದಾಜು ಮಾಡಿದ್ದರು. ಆಮೇಲೆ ನೋಡಿದರೆ ವ್ಯತ್ಯಾಸ ಅವರು ಅಂದುಕೊಂಡಷ್ಟು ಇರಲಿಲ್ಲ. ಕಟ್ಟಡ ಎಲ್ಲಿದೆ, ಹೇಗಿದೆ ಎನ್ನುವುದಕ್ಕೆ ಅವರು ಹೆಚ್ಚು ಬೆಲೆ ಕೊಟ್ಟಿದ್ದರು, ಜೊತೆಗಿರುವ ಜನರಿಗೆ ಕಡಿಮೆ ಬೆಲೆ ಕೊಟ್ಟಿದ್ದರು.

ಅಂದರೆ ಈಗ ನಮಗೆ ಏನು ಮುಖ್ಯ ಎಂದು ಭಾವನೆ ಚೆನ್ನಾಗಿ ಹೇಳುತ್ತದೆ. ಮುಂದೆ ಎಷ್ಟು ಖುಷಿಯಾಗಿರುತ್ತೇವೆ ಎಂದು ಅಂದಾಜು ಹಾಕುವಾಗ ಎಡವುತ್ತದೆ.

ಮಾತು 3: "ಮನೆ ದೂರ ಆದರೂ ಪರವಾಗಿಲ್ಲ, ಓಡಾಟ ಅಭ್ಯಾಸವಾಗುತ್ತೆ"

ದೊಡ್ಡ ಮನೆ ಸಿಗುತ್ತದೆ ಎಂದು ದೂರಕ್ಕೆ ಹೋಗುವವರಿಗೆ ಸಿಗುವ ಸಮಾಧಾನದ ಮಾತಿದು. ಜರ್ಮನಿಯ ಕುಟುಂಬಗಳನ್ನು ವರ್ಷ ವರ್ಷವೂ ಪ್ರಶ್ನಿಸಿ ಸಂಗ್ರಹಿಸಿದ ಮಾಹಿತಿಯನ್ನು ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೊ ಫ್ರೈ ಪರಿಶೀಲಿಸಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಕೆಲಸಕ್ಕೆ ಓಡಾಡುವ ಸಮಯ ಹೆಚ್ಚಿದ್ದವರು ಜೀವನದ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡಿದ್ದರು. ಒಳ್ಳೆಯ ಸಂಬಳವೋ ಮನೆಯೋ ಆ ನಷ್ಟವನ್ನು ತುಂಬಿಕೊಡಬೇಕಿತ್ತು, ಪೂರ್ತಿ ತುಂಬಿಕೊಟ್ಟಿರಲಿಲ್ಲ.

ನಮ್ಮಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ಟಾಮ್‌ಟಾಮ್ ಸಂಸ್ಥೆಯ 2024ರ ಟ್ರಾಫಿಕ್ ಸೂಚ್ಯಂಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ ಸುಮಾರು 34 ನಿಮಿಷ ಬೇಕಾಗಿತ್ತು. ನಿಮ್ಮ ಮನೆಯ ಲೆಕ್ಕ ನೀವೇ ಹಾಕಿ. ಹೋಗಲು 75 ನಿಮಿಷ, ಬರಲು 75 ನಿಮಿಷ ಎಂದರೆ ದಿನಕ್ಕೆ ಎರಡೂವರೆ ಗಂಟೆ. ವಾರಕ್ಕೆ 5 ದಿನ, ವರ್ಷಕ್ಕೆ 48 ವಾರ ಎಂದರೆ ಒಟ್ಟು 600 ಗಂಟೆ. ಹಗಲು ರಾತ್ರಿ ಸೇರಿಸಿ ಪೂರ್ತಿ 25 ದಿನಗಳನ್ನು ರಸ್ತೆಯಲ್ಲೇ ಕಳೆದಂತೆ.

ಮೈಸೂರಿಗೆ ಹೋಗಿ ಬೆಂಗಳೂರಿನ ಕೆಲಸ ಉಳಿಸಿಕೊಳ್ಳುತ್ತೇವೆ ಎನ್ನುವವರೂ ಇದೇ ಲೆಕ್ಕ ಹಾಕಬೇಕು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಎರಡೂ ಊರುಗಳ ನಡುವಿನ ಪ್ರಯಾಣ ಬೇಗ ಮುಗಿಯುತ್ತಿದೆ. ಆದರೆ ಕೆಂಗೇರಿ ದಾಟಿದ ಮೇಲೆ ನಿಮ್ಮ ಆಫೀಸು ವೈಟ್‌ಫೀಲ್ಡಿನಲ್ಲಿದ್ದರೆ ಕೊನೆಯ ಆ ತುಂಡೇ ದೊಡ್ಡದು. ಟೋಲ್ ಬೇರೆ. ವಾರಕ್ಕೆ ಒಂದು ದಿನ ಆಫೀಸಾದರೆ ಒಂದು ಲೆಕ್ಕ, ಮೂರು ದಿನವಾದರೆ ಇನ್ನೊಂದು ಲೆಕ್ಕ. ಇವತ್ತು ವರ್ಕ್ ಫ್ರಮ್ ಹೋಮ್ ಇದೆ ಎಂಬ ಒಂದೇ ನಂಬಿಕೆಯ ಮೇಲೆ ಮನೆ ಕೊಳ್ಳಬೇಡಿ.

ಮಾತು 4: "ಈ ಊರಿಗೆ ನಂಬರ್ ಒನ್ ರ‍್ಯಾಂಕ್ ಬಂದಿದೆ, ಇಲ್ಲೇ ಇರಬೇಕು"

ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ಸುಗಮ ಜೀವನ ಸೂಚ್ಯಂಕದಲ್ಲಿ, 10 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಪೈಕಿ ಮೊದಲ ಸ್ಥಾನ ಬೆಂಗಳೂರಿಗೆ ಸಿಕ್ಕಿತ್ತು. ಟ್ರಾಫಿಕ್ ಪಟ್ಟಿಗಳಲ್ಲಿ ಜಗತ್ತಿನ ಅತಿ ನಿಧಾನದ ನಗರಗಳ ಸಾಲಿನಲ್ಲಿ ನಿಲ್ಲುವುದೂ ಇದೇ ಬೆಂಗಳೂರು! ಎರಡೂ ಪಟ್ಟಿಗಳು ನಿಜವೇ. ಒಂದು ಪಟ್ಟಿ ಆರ್ಥಿಕ ಶಕ್ತಿ, ಶಿಕ್ಷಣ, ಆರೋಗ್ಯ, ನಾಗರಿಕರ ಅಭಿಪ್ರಾಯ ಮುಂತಾದ ಹಲವು ಸಂಗತಿಗಳನ್ನು ಕೂಡಿಸಿ ಮಾಡಿದ್ದು. ಇನ್ನೊಂದು ವಾಹನಗಳ ವೇಗವನ್ನು ಮಾತ್ರ ಅಳೆದಿದ್ದು.

ಮೈಸೂರು ದೇಶದ ಅತ್ಯಂತ ಸ್ವಚ್ಛ ನಗರ ಎಂಬ ಸಂದೇಶವನ್ನೂ ನೋಡಿರುತ್ತೀರಿ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನ ಪಡೆದದ್ದು ನಿಜ. ಮುಂದಿನ ವರ್ಷಗಳಲ್ಲಿ ಆ ಸ್ಥಾನ ಇಂದೋರ್ ಪಾಲಾಯಿತು. ಹಳೆಯ ಪಟ್ಟಿಗೆ ವರ್ಷ ಹಾಕದೆ ಕಳಿಸಿದರೆ ಇವತ್ತಿನ ಸುದ್ದಿಯಂತೆ ಕಾಣುತ್ತದೆ.

ರ‍್ಯಾಂಕ್ ಸರಾಸರಿಯ ಮಾತು. ನಿಮ್ಮ ಮನೆಯ ಅಗತ್ಯ ಅದರಲ್ಲಿ ಇರುವುದಿಲ್ಲ. ನಮ್ಮ ಉದಾಹರಣೆಯ ಕುಟುಂಬ ಹೈದರಾಬಾದಿಗೆ ಹೋಗುವುದಾದರೆ ಅವರಿಗೆ ಬೇಕಾದ ಮಾಹಿತಿ ಬೇರೆಯೇ:

• ಕರ್ನಾಟಕದಲ್ಲಿ ಸಿಇಟಿ ಮೂಲಕ ಸರ್ಕಾರಿ ಸೀಟು ಪಡೆಯಲು ಅರ್ಹತೆಯ ಮುಖ್ಯ ದಾರಿಗಳಲ್ಲೊಂದು, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರುವುದು. ಬೇರೆ ಷರತ್ತುಗಳೂ, ಕೆಲವು ವಿನಾಯಿತಿಗಳೂ ಇವೆ. ಮೂರನೇ ಕ್ಲಾಸಿನ ಮಗಳಿಗೆ ಇದು ದೂರದ ಮಾತು ಎನಿಸಬಹುದು, ಆದರೆ ವರ್ಷಗಳ ಎಣಿಕೆ ಈಗಲೇ ಶುರುವಾಗಿದೆ. ಕೆಇಎ ಮಾಹಿತಿ ಪುಸ್ತಕವನ್ನು ಒಮ್ಮೆ ಓದಿ.

• ತೆಲಂಗಾಣ 2018ರಲ್ಲಿ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆ ತಂದಿದೆ. ಮಗು ಹೊಸ ಲಿಪಿ ಕಲಿಯಬೇಕಾಗುತ್ತದೆ. ಮನೆಯಲ್ಲಿ ಕನ್ನಡ ಓದಿಸುವ ಹೊಣೆ ನಿಮ್ಮದಾಗುತ್ತದೆ.

• ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಹನ ಇಟ್ಟುಕೊಂಡರೆ ಅಲ್ಲಿ ಹೊಸದಾಗಿ ನೋಂದಣಿ ಮಾಡಿಸಬೇಕು. ಬಿಎಚ್ ಸರಣಿಯ ನಂಬರ್ ಇದ್ದರೆ ಈ ತಾಪತ್ರಯವಿಲ್ಲ.

ಹುಬ್ಬಳ್ಳಿ-ಧಾರವಾಡವಾದರೆ ಪ್ರಶ್ನೆಗಳೇ ಬೇರೆ. ಅತ್ತೆಯ ಪಕ್ಕದಲ್ಲಿ ಇದ್ದಂತಾಗುತ್ತದೆ, ಬಾಡಿಗೆಯೂ ಕಡಿಮೆ. ಆದರೆ ಸೊಸೆಯ ಕೆಲಸಕ್ಕೆ ಅಲ್ಲಿ ಅವಕಾಶ ಇದೆಯೇ? "ಖರ್ಚು ಅರ್ಧ" ಎನ್ನುವ ಸಂದೇಶ ಮನೆಯ ಒಂದು ಸಂಬಳ ನಿಂತುಹೋಗುವ ಸಾಧ್ಯತೆಯನ್ನು ಹೇಳುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಊರು ಬದಲಿಸಿದಾಗ ಕೆಲಸ ಬಿಡುವುದು ಹೆಂಡತಿಯೇ. ಅದನ್ನು ಹೊಂದಾಣಿಕೆ ಎಂದು ಕರೆದು ಮುಂದೆ ಹೋಗುವ ಬದಲು ಪಟ್ಟಿಯಲ್ಲಿ ರೂಪಾಯಿಯ ಲೆಕ್ಕದಲ್ಲಿ ಬರೆಯಿರಿ.

ಇನ್ನು "ಅಮ್ಮನನ್ನೇ ಬೆಂಗಳೂರಿಗೆ ಕರೆತರೋಣ" ಎನ್ನುವುದು. ಆಸ್ಪತ್ರೆಗಳ ದೃಷ್ಟಿಯಿಂದ ಇದು ಸರಿ ಕಾಣಬಹುದು. ಆದರೆ ಧಾರವಾಡದಲ್ಲಿ ಬೆಳಿಗ್ಗೆ ಹೂವು ಕೊಡುವವಳಿಂದ ಹಿಡಿದು ಸಂಜೆ ಕಟ್ಟೆ ಮೇಲೆ ಕೂರುವ ಗೆಳತಿಯರವರೆಗೆ ಅವರನ್ನು ವಿಚಾರಿಸುವ ಹತ್ತು ಜನರಿರುತ್ತಾರೆ. ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಹಗಲೆಲ್ಲ ಒಬ್ಬರೇ ಇರಬೇಕಾದರೆ ಅದು ಅವರಿಗೆ ಆಸರೆಯೋ ಬಂಧನವೋ? ಉತ್ತರ ಹೇಳಬೇಕಾದವರು ಅವರು. ಅವರನ್ನು ಕೇಳದೆ ಮಾಡಿದ ಪಟ್ಟಿ ಪೂರ್ತಿ ಆಗುವುದಿಲ್ಲ.

ಮಾತು 5: "ಗೊಂದಲ ಇದ್ದರೆ ಇರುವಲ್ಲೇ ಇರುವುದು ಕ್ಷೇಮ"

ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಒಂದು ವಿಚಿತ್ರ ಪ್ರಯೋಗ ಮಾಡಿದರು. ಕೆಲಸ ಬಿಡುವಂಥ ವಿಷಯಗಳಲ್ಲಿ ನಿರ್ಧಾರ ಮಾಡಲಾಗದೆ ಒದ್ದಾಡುತ್ತಿದ್ದವರು ಒಂದು ವೆಬ್‌ಸೈಟಿನಲ್ಲಿ ನಾಣ್ಯ ಚಿಮ್ಮಿಸಿದರು. 20 ಸಾವಿರಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ದೊಡ್ಡ ನಿರ್ಧಾರಗಳಲ್ಲಿ ಬದಲಾವಣೆಯ ಕಡೆ ಹೋದವರು ಆರು ತಿಂಗಳ ನಂತರ, ಇದ್ದಂತೆಯೇ ಇದ್ದವರಿಗಿಂತ ಹೆಚ್ಚು ಸಂತೋಷವಾಗಿದ್ದೇವೆ ಎಂದರು.

ಇದನ್ನು "ಕಣ್ಣು ಮುಚ್ಚಿ ಊರು ಬಿಡಿ" ಎಂದು ಓದಬಾರದು. ಅದರಲ್ಲಿ ಭಾಗವಹಿಸಿದವರು ತಾವಾಗಿಯೇ ಮುಂದೆ ಬಂದವರು, ಆಗಲೇ ಎರಡು ಮನಸ್ಸಿನಲ್ಲಿದ್ದವರು. ಸಂತೋಷ ಎಷ್ಟು ಎಂಬುದೂ ಅವರೇ ಹೇಳಿಕೊಂಡದ್ದು. ನಾವು ತೆಗೆದುಕೊಳ್ಳಬಹುದಾದ ಪಾಠ ಇಷ್ಟು: ತಕ್ಕಡಿ ಸಮನಾಗಿ ತೂಗುತ್ತಿದ್ದರೆ, ಬದಲಾವಣೆಯ ಭಯಕ್ಕೆ ಅದರ ಯೋಗ್ಯತೆಗಿಂತ ಹೆಚ್ಚು ತೂಕ ಕೊಡುತ್ತಿದ್ದೇವೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ಹಾಗಾದರೆ ಮಾಡುವುದೇನು?

1. ಬಿಡಲಾಗದ ಎರಡು ಸಂಗತಿ ಮೊದಲು ಬರೆಯಿರಿ. ಗಂಡ, ಹೆಂಡತಿ, ಹಿರಿಯರು ಬೇರೆ ಬೇರೆಯಾಗಿ ಬರೆಯಲಿ. ಆಮೇಲೆ ಕೂತು ಹೋಲಿಸಿ. ಅರ್ಧ ಜಗಳ ಇಲ್ಲೇ ತಿಳಿಯಾಗುತ್ತದೆ.

2. ಭಾವನೆಗೆ ಹೆಸರು ಕೊಡಿ. "ಊರು ಸೆಳೆಯುತ್ತಿದೆ" ಎಂದರೆ ಏನು? ಅಮ್ಮನ ಚಿಂತೆಯೇ, ಬಾಲ್ಯದ ನೆನಪೇ, ಈಗಿನ ಬಾಸ್ ಮೇಲಿನ ಬೇಸರವೇ? ಬೇಸರ ಬಾಸ್ ಮೇಲಿದ್ದರೆ ಕೆಲಸ ಬದಲಿಸಿದರೆ ಸಾಕು, ಊರು ಬದಲಿಸಬೇಕಿಲ್ಲ.

3. ಮಂಗಳವಾರ ಹೇಗಿರುತ್ತದೆ ನೋಡಿ. ದಸರಾ ರಜೆಯಲ್ಲಿ ನೋಡಿದ ಮೈಸೂರು ಬೇಡ. ಹೊಸ ಊರಿನ ಒಂದು ಸಾಮಾನ್ಯ ಮಂಗಳವಾರವನ್ನು ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಗಂಟೆ ಗಂಟೆಯಾಗಿ ಬರೆಯಿರಿ. ನೀರು ಯಾವಾಗ ಬರುತ್ತದೆ, ಮಗುವನ್ನು ಶಾಲೆಯಿಂದ ಯಾರು ಕರೆತರುತ್ತಾರೆ, ಜ್ವರ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ ಎಲ್ಲವೂ ಇರಲಿ.

4. ಹೋಗಿ ಇದ್ದು ನೋಡಿ. ಸಾಧ್ಯವಾದರೆ ಮೂರು ನಾಲ್ಕು ವಾರ ಅಲ್ಲೇ ಇದ್ದು ಕೆಲಸ ಮಾಡಿ. ಹೋಗುವುದು ಆ ಊರಿನ ಕಷ್ಟದ ಕಾಲದಲ್ಲಿರಲಿ. ಮಂಗಳೂರಾದರೆ ಜುಲೈ ಮಳೆ, ಕಲಬುರಗಿಯಾದರೆ ಮೇ ಬಿಸಿಲು.

5. ಹಿಂದಿರುಗುವ ದಾರಿ ಮುಚ್ಚಬೇಡಿ. ಮೊದಲ ವರ್ಷ ಬಾಡಿಗೆ ಮನೆಯೇ ಸಾಕು. ಇರುವ ಸೈಟು, ಮನೆ ಆತುರದಲ್ಲಿ ಮಾರಬೇಡಿ. ತಪ್ಪಿದರೂ ತಿದ್ದಿಕೊಳ್ಳಬಹುದಾದ ನಿರ್ಧಾರಕ್ಕೆ ಇಷ್ಟು ಭಯ ಬೇಕಾಗಿಲ್ಲ.

6. ಒಂದು ದಿನಾಂಕ ಇಟ್ಟುಕೊಳ್ಳಿ. ಶಾಲೆಯ ದಾಖಲಾತಿ ಶುರುವಾಗುವ ಮೊದಲು ತೀರ್ಮಾನ ಮುಗಿಯಲಿ. ಇಲ್ಲವಾದರೆ ಇನ್ನೊಂದು ವರ್ಷ ಇದೇ ಚರ್ಚೆಯಲ್ಲಿ ಕಳೆಯುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಏನು ಬೇಕು ಎನ್ನುವುದನ್ನು ಮನಸ್ಸು ಹೇಳಲಿ, ಅದು ಯಾವ ಊರಿನಲ್ಲಿ ಸಿಗುತ್ತದೆ ಎನ್ನುವುದನ್ನು ಲೆಕ್ಕ ಹೇಳಲಿ. ನಮ್ಮ ಉದಾಹರಣೆಯ ಕುಟುಂಬಕ್ಕೆ ಧಾರವಾಡ ಸರಿಹೋಗಬಹುದು, ಅದೇ ಬೀದಿಯ ಇನ್ನೊಂದು ಕುಟುಂಬಕ್ಕೆ ಬೆಂಗಳೂರೇ ಸರಿಯಾಗಬಹುದು. ಹಾಗಾಗಿ "ಈ ಊರೇ ಬೆಸ್ಟ್" ಎನ್ನುವ ಸಂದೇಶ ಮುಂದಿನ ಸಲ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಎರಡು ಪ್ರಶ್ನೆ ಕೇಳಿ: ಯಾವ ವರ್ಷದ ಮಾತು? ಯಾರ ಮನೆಗೆ ಬೆಸ್ಟ್?