ಕಾಲು ಎತ್ತಿದರೆ ಕೈ ಏಳುವ ಲೋಕ

ಪಾದ ಉಳುಕಿ ತಿಂಗಳುಗಳೇ ಕಳೆದಿರುತ್ತವೆ. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಆದರೂ ಹೊದಿಕೆಯ ಅಂಚು ತಗುಲಿದರೆ ಸಾಕು, ಕಿತ್ತುಕೊಂಡು ಬರುವಂಥ ಉರಿ. ಜೊತೆಗೆ ಊತ, ಬಣ್ಣ ಬದಲಿಸುವ ಚರ್ಮ. ಈ ಕಾಯಿಲೆಯನ್ನು ವೈದ್ಯರು ಸಿಆರ್‌ಪಿಎಸ್ ಎನ್ನುತ್ತಾರೆ. ನೋವಿಗೆ ಹೆದರಿ ಕಾಲನ್ನು ಆಡಿಸದೆ ಇಟ್ಟರೆ ಅದು ಇನ್ನಷ್ಟು ಬಲಿಯುತ್ತದೆ. ಆಡಿಸುವುದೇ ಚಿಕಿತ್ಸೆಯ ತಿರುಳು, ಆಡಿಸಲಾಗದಿರುವುದೇ ರೋಗ.

ಈ ಬಿಕ್ಕಟ್ಟಿಗೆ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದು ವಿಚಿತ್ರ ಉಪಾಯ ಹುಡುಕಿದರು. ಸಂಶೋಧಕರಾದ ಆಂಡ್ರಿಯಾ ಸ್ಟೀವನ್‌ಸನ್ ವಾನ್, ಜೆರೆಮಿ ಬೇಲೆನ್‌ಸನ್ ಮತ್ತು ಅಲ್ಲಿನ ವೈದ್ಯರು ಒಂದು ಕಾಲಿನಲ್ಲಿ ಸಿಆರ್‌ಪಿಎಸ್ ಇದ್ದ ಹದಿಹರೆಯದ ಮಕ್ಕಳಿಗೆ ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ ತೊಡಿಸಿದರು. ಕಣ್ಣೆದುರು ಬಲೂನುಗಳು; ಅವನ್ನು ಒಡೆಯುವುದೇ ಆಟ. ಒಂದು ಬಗೆಯಲ್ಲಿ ಮಗು ಕಾಲನ್ನು ತುಸುವೇ ಎತ್ತಿದರೂ ಹೆಡ್‌ಸೆಟ್‌ನೊಳಗಿನ ಕಾಲು ಅದಕ್ಕಿಂತ ಹೆಚ್ಚು ಏಳುತ್ತಿತ್ತು. ಇನ್ನೊಂದರಲ್ಲಿ ನಿಜವಾದ ಕಾಲು ಎತ್ತಿದರೆ ಅಲ್ಲಿ ಏಳುತ್ತಿದ್ದುದು ಕೈ!

ಇದು ಬರೀ ಮಕ್ಕಳ ಗಮನ ಬೇರೆಡೆ ಸೆಳೆಯುವ ತಂತ್ರವಲ್ಲ. ಸುಟ್ಟಗಾಯಕ್ಕೆ ಡ್ರೆಸ್ಸಿಂಗ್ ಮಾಡುವಾಗ ರೋಗಿಯನ್ನು ಹಿಮದ ಲೋಕಕ್ಕೆ ಕರೆದೊಯ್ಯುವ ಸಿಯಾಟಲ್‌ನ ‘ಸ್ನೋವರ್ಲ್ಡ್’ ಆ ಜಾತಿಯದು. ಸ್ಟ್ಯಾನ್‌ಫರ್ಡ್‌ನವರು ಕೈಹಾಕಿದ್ದು ಮೆದುಳಿನಲ್ಲಿರುವ ದೇಹದ ನಕ್ಷೆಗೇ.

ಆ ನಕ್ಷೆ ಬಗ್ಗುತ್ತದೆ ಎಂಬ ಸುಳಿವು ಸಿಕ್ಕಿದ್ದೂ ಬೇ ಏರಿಯಾದಲ್ಲೇ. 1980ರ ದಶಕದಲ್ಲಿ ಜ್ಯಾರನ್ ಲೇನಿಯರ್ ಅವರ ವಿಪಿಎಲ್ ಎಂಬ ವಿಆರ್ ಕಂಪನಿಯಲ್ಲಿ ಜನರಿಗೆ ಮನುಷ್ಯರಂತಿಲ್ಲದ ದೇಹಗಳನ್ನು, ಲಾಬ್‌ಸ್ಟರಿನ ದೇಹವನ್ನು ಕೂಡ, ತೊಡಿಸಿ ನೋಡುತ್ತಿದ್ದರು. ಅದಕ್ಕೂ ಜನ ಬೇಗನೆ ಒಗ್ಗಿಕೊಳ್ಳುತ್ತಿದ್ದರು. 2015ರಲ್ಲಿ ಲೇನಿಯರ್ ಸೇರಿದಂತೆ ವಾನ್ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಎದೆಯಿಂದ ಮುಂದಕ್ಕೆ ಚಾಚಿದ ಮೂರನೆಯ ತೋಳೊಂದನ್ನು ಮಣಿಕಟ್ಟು ತಿರುಗಿಸಿ ಆಡಿಸುವುದನ್ನು ಜನ ನಿಮಿಷಗಳಲ್ಲೇ ಕಲಿತರು. ಮೆದುಳಿಗೆ ದೇಹ ಅಂದರೆ ಕಲ್ಲಿನಲ್ಲಿ ಕೆತ್ತಿದ ಶಾಸನವಲ್ಲ, ದಿನವೂ ಅಳಿಸಿ ಹಾಕುವ ರಂಗೋಲಿ.

ಹೆಡ್‌ಸೆಟ್‌ಗೂ ಮೊದಲು ಚಿಕಿತ್ಸೆಗೆ ಬಂದದ್ದು ಕನ್ನಡಿ. 1990ರ ದಶಕದಲ್ಲಿ ಅದೇ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ತಮಿಳುನಾಡು ಮೂಲದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್, ಕೈ ಕಳೆದುಕೊಂಡವರ ಮುಂದೆ ಕನ್ನಡಿಯ ಪೆಟ್ಟಿಗೆ ಇಟ್ಟರು. ಉಳಿದ ಕೈಯ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಂಡಾಗ, ಕೆಲವರಿಗೆ ಆ ‘ಇಲ್ಲದ’ ಕೈಯ ಸೆಳೆತ ಸಡಿಲವಾಯಿತು. 2008ರಲ್ಲಿ ನೋವಿನ ಸಂಶೋಧಕ ಲೋರಿಮರ್ ಮೋಸ್ಲಿ ಅವರ ತಂಡ ತೋರಿಸಿದ್ದು ಇನ್ನೂ ಸೋಜಿಗ: ನೋಯುವ ಕೈಯನ್ನು ಬೈನಾಕ್ಯುಲರಿನಲ್ಲಿ ದೊಡ್ಡದಾಗಿ ನೋಡುತ್ತ ಆಡಿಸಿದರೆ ನೋವಷ್ಟೇ ಅಲ್ಲ, ಊತವೂ ಹೆಚ್ಚುತ್ತದೆ, ಚಿಕ್ಕದಾಗಿ ಕಂಡರೆ ಎರಡೂ ಕಡಿಮೆ.

ಹಾಗಾದರೆ ವಿಆರ್ ಮದ್ದೇ? ಅಷ್ಟು ಅವಸರ ಬೇಡ. ಸ್ಟ್ಯಾನ್‌ಫರ್ಡ್‌ನ ಆ ಅಧ್ಯಯನದಲ್ಲಿದ್ದದ್ದು ನಾಲ್ಕೇ ಮಕ್ಕಳು. ಇಂಥ ಚಿಕಿತ್ಸೆ ಮಾಡಬಹುದೇ, ಮಕ್ಕಳು ತಾಳಿಕೊಳ್ಳುತ್ತಾರೆಯೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. 2021ರ ನವೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ದೀರ್ಘಕಾಲದ ನೋವಿಗೆ ಒಂದು ವಿಆರ್ ಸಾಧನವನ್ನು ಒಪ್ಪಿತು ನಿಜ, ಆದರೆ ಅದು ಸೊಂಟನೋವಿಗೆ. ಎಂಟು ವಾರ ದಿನಕ್ಕೊಂದು ಪಾಠ. ಉಸಿರಾಟ, ವಿಶ್ರಾಂತಿ, ನೋವಿನ ತಿಳಿವಳಿಕೆ ಅದರ ಹೂರಣ. ಕೈಕಾಲಿನ ನರನೋವಿಗೆ ಆ ಒಪ್ಪಿಗೆಯನ್ನು ಸಾಕ್ಷಿಯಾಗಿ ತೋರಿಸುವ ಜಾಹೀರಾತು ಕಂಡರೆ ನಂಬಬೇಡಿ. ಸಕ್ಕರೆ ಕಾಯಿಲೆಯಿಂದ ಬರುವ ಪಾದದ ಉರಿ, ಜೋಮು ಬೇರೆಯೇ ಕಥೆ. ಅಲ್ಲಿ ನರವೇ ಸವೆದಿರುತ್ತದೆ, ಮೊದಲ ಕೆಲಸ ಸಕ್ಕರೆಯ ಹತೋಟಿ.

ಮೂಳೆ ಮುರಿತವೋ ಉಳುಕೋ ವಾಸಿಯಾದ ಮೇಲೂ ಉರಿ, ಊತ, ಬಣ್ಣದ ಬದಲಾವಣೆ ಉಳಿದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕೈಕಾಲನ್ನು ಬಟ್ಟೆ ಸುತ್ತಿ ಮೂಲೆಯಲ್ಲಿ ಕೂರಿಸಬೇಡಿ. ಹೆಡ್‌ಸೆಟ್ ಸಿಗದಿದ್ದರೂ ಚಿಂತೆಯಿಲ್ಲ. ಕನ್ನಡಿಯ ವ್ಯಾಯಾಮ ಬಲ್ಲ ಫಿಸಿಯೋಥೆರಪಿಸ್ಟ್ ನಿಮ್ಮ ಊರಿನಲ್ಲಿದ್ದಾರೆಯೇ ಎಂದು ವಿಚಾರಿಸಿ.