ಗಣಿ ನಿಂತ ಮೇಲೆ ಗುಡ್ಡ ಯಾರದು?

ಬಳ್ಳಾರಿ ಜಿಲ್ಲೆಯ ಸಂಡೂರು ಸೀಮೆಯಲ್ಲಿ ಗಣಿ ಗುಡ್ಡಗಳ ಕೆಳಗಿನ ಹಳ್ಳಗಳು ಮಳೆ ಬಿದ್ದರೆ ಕೆಂಪಾಗಿ ಹರಿಯುತ್ತವೆ. ಅದಿರು ತೆಗೆದವರು ಇಳಿಜಾರಿನಲ್ಲಿ ಸುರಿದುಹೋದ ಮಣ್ಣು ಹೊಲಕ್ಕೂ ಕೆರೆಗೂ ಇಳಿಯುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪು ಗಂಭೀರ ಅಕ್ರಮ ನಡೆದ ಗುತ್ತಿಗೆಗಳನ್ನು ರದ್ದುಪಡಿಸಿತು. ಅಂದಿನಿಂದ ಪುನಶ್ಚೇತನದ ಮಾತು ನಡೆದೇ ಇದೆ. ಅದರ ಸುತ್ತ ಬೆಳೆದ ಕೆಲವು ನಂಬಿಕೆಗಳನ್ನು ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ: ಗಣಿ ನಿಂತರೆ ಸಾಕು, ಗುಡ್ಡ ತಾನೇ ಹಸಿರಾಗುತ್ತದೆ.

ಸತ್ಯ: ಹಸಿರಾದದ್ದೆಲ್ಲ ಕಾಡಲ್ಲ. ಬೀಜ, ಬೇರು, ಸೂಕ್ಷ್ಮಜೀವಿಗಳಿದ್ದ ಮೇಲ್ಮಣ್ಣು ಗಣಿಯ ಮೊದಲ ದಿನವೇ ಹೋಗಿರುತ್ತದೆ. ಉಳಿದ ತ್ಯಾಜ್ಯದ ರಾಶಿಯಲ್ಲಿ ಸಾರವಿಲ್ಲ, ತೇವ ನಿಲ್ಲುವುದಿಲ್ಲ. ಅಂಥ ಬರಡಿಗೆ ಕರೆಯದೆ ಬರುವುದು ಬಳ್ಳಾರಿ ಜಾಲಿಯಂಥ ಮುಳ್ಳುಗಿಡ. ಅದು ಒಮ್ಮೆ ಹಬ್ಬಿದರೆ ಹುಲ್ಲಿಗೂ ನಾಡಗಿಡಗಳಿಗೂ ಜಾಗ ಬಿಡುವುದಿಲ್ಲ.

ತಪ್ಪು ಕಲ್ಪನೆ: ಸಸಿ ನೆಟ್ಟರೆ ಕೆಲಸ ಮುಗಿಯಿತು.

ಸತ್ಯ: ಮೊದಲು ಮಣ್ಣು ನಿಲ್ಲಬೇಕು. ಕಡಿದಾದ ರಾಶಿಯನ್ನು ಮೆಟ್ಟಿಲಾಗಿಸಿ, ಬುಡಕ್ಕೆ ಕಲ್ಲಿನ ತಡೆಗೋಡೆ ಕಟ್ಟಿ, ಕೊರಕಲುಗಳಿಗೆ ಒಡ್ಡು ಹಾಕಿ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹೊದಿಸಬೇಕು. ಆಮೇಲೆ ಹುಲ್ಲು, ಹುಲ್ಲು ಬೇರೂರಿದ ಮೇಲೆ ಹೊಂಗೆ, ಕಮರ, ಬೇವು. ನೀಲಗಿರಿ ಬೇಗ ಬೆಳೆದು ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ದನಕ್ಕೆ ಮೇವಾಗುವುದಿಲ್ಲ.

ತಪ್ಪು ಕಲ್ಪನೆ: ಇದಕ್ಕೆಲ್ಲ ದುಡ್ಡು ಎಲ್ಲಿದೆ?

ಸತ್ಯ: ಇದೆ. ಸುಪ್ರೀಂ ಕೋರ್ಟ್ ಆದೇಶದಿಂದ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಕ್ಕೇ ಮೀಸಲು. ಅದನ್ನು ಬಳಸಲೆಂದೇ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವಿದೆ. ಇದರ ಜೊತೆಗೆ 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಯೂ ಉಂಟು. ಗಣಿಯಿಂದ ಬಾಧಿತರಾದ ಜನರ ಹಿತವೇ ಅದರ ಉದ್ದೇಶ. ಹೀಗಿರುವಾಗ ಕೇಳಬೇಕಾದ ಪ್ರಶ್ನೆ, ಈ ಹಣ ಯಾವ ಕೆಲಸಕ್ಕೆ ಹೋಗಬೇಕೆಂದು ಹೇಳುವವರು ಯಾರು ಎಂಬುದು.

ತಪ್ಪು ಕಲ್ಪನೆ: ಇದು ತಜ್ಞರ ಕೆಲಸ, ಊರವರಿಗೇನು ಗೊತ್ತು?

ಸತ್ಯ: ಇಳಿಜಾರಿನ ಲೆಕ್ಕಕ್ಕೆ, ಮಣ್ಣಿನ ಪರೀಕ್ಷೆಗೆ ತಜ್ಞರು ಬೇಕೇಬೇಕು. ಆದರೆ ಗಣಿಗೆ ಮುಂಚೆ ಹಳ್ಳ ಎಲ್ಲಿ ತಿರುಗುತ್ತಿತ್ತು, ಯಾವ ಒರತೆ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ, ಸೀತಾಫಲ ಎಲ್ಲಿ ಹುಲುಸಾಗಿತ್ತು ಎಂಬುದು ಕುರಿಗಾಹಿಗೆ, ಸೌದೆಗೆ ಹೋಗುತ್ತಿದ್ದ ಅಜ್ಜಿಗೆ ಗೊತ್ತು. ಬಳ್ಳಾರಿಯ ಅಕ್ರಮವನ್ನು 2009ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದದ್ದೂ ಸಮಾಜ ಪರಿವರ್ತನ ಸಮುದಾಯವೆಂಬ ಜನಸಂಘಟನೆಯೇ.

ತಪ್ಪು ಕಲ್ಪನೆ: ಸಭೆ ಕರೆದು ಸಹಿ ಹಾಕಿಸಿಕೊಂಡರೆ ಅದೇ ಜನರ ಸಹಭಾಗಿತ್ವ.

ಸತ್ಯ: ಸಹಿ ಹಾಜರಾತಿ ಮಾತ್ರ. ನಕ್ಷೆ ಬರೆಯುವಾಗಲೇ ಊರವರು ಕೂತಿರಬೇಕು. ಒಡ್ಡು ಕಟ್ಟುವ, ಸಸಿ ಬೆಳೆಸುವ ಕೂಲಿ ಊರಿಗೇ ಸಿಗಬೇಕು. ಬೆಳೆದ ಹುಲ್ಲು, ಹಣ್ಣು ಯಾರಿಗೆ ಸೇರುತ್ತದೆಂದು ಮೊದಲೇ ಬರಹದಲ್ಲಿರಬೇಕು. ಕರ್ನಾಟಕದಲ್ಲಿ 1993ರಿಂದ ಇರುವ ಗ್ರಾಮ ಅರಣ್ಯ ಸಮಿತಿ ಪದ್ಧತಿಯಲ್ಲಿ ಫಸಲಿನ ಪಾಲಿಗೆ ಅವಕಾಶವಿದೆ. ಊರಿಗೆ ಪಾಲು ಇರಬೇಕೆನ್ನುವುದಕ್ಕೆ ಕಾರಣ ಸರಳ. ಎಳೆಯ ಸಸಿಗೆ ಕೆಲವು ವರ್ಷ ದನ ಕುರಿ ಬಾಯಿ ಹಾಕಬಾರದು. ಗುತ್ತಿಗೆದಾರ ಕಟ್ಟಿದ ಬೇಲಿ ಅವನ ಅವಧಿ ಮುಗಿಯುವವರೆಗೆ. ಊರು ತಾನೇ ಕೂತು, ಈ ವರ್ಷ ಈ ಬದಿ ಮೇಯಿಸುವುದು ಬೇಡ, ಹುಲ್ಲು ಕೊಯ್ದು ತರೋಣ ಎಂದು ತೀರ್ಮಾನಿಸಿದರೆ ಬೇಲಿಯೇ ಬೇಕಿಲ್ಲ. ಕುರಿ ಸಾಕುವ ಬಡವನಿಗೆ ಅಷ್ಟು ದಿನದ ಮೇವು ಎಲ್ಲಿಂದ ಎಂಬುದನ್ನೂ ಅದೇ ಸಭೆ ಯೋಚಿಸಬೇಕು. ಇಲ್ಲದಿದ್ದರೆ ಪುನಶ್ಚೇತನದ ಭಾರವೂ ಅವನ ಹೆಗಲಿಗೇ ಬೀಳುತ್ತದೆ.

ನಿಮ್ಮದು ಗಣಿಬಾಧಿತ ಊರಾದರೆ ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ನಮ್ಮ ಗುಡ್ಡದ ಯೋಜನೆ ಕನ್ನಡದಲ್ಲಿ ಎಲ್ಲಿದೆ? ನೆಡುವ ಗಿಡ ಆರಿಸಿದವರು ಯಾರು? ಐದು ವರ್ಷದ ನಂತರ ಕಾಯುವವರು ಯಾರು? ಧೂಳು ಕುಡಿದ ಜನರಿಗೆ ಇವನ್ನು ಕೇಳುವ ಹಕ್ಕಿದೆ.