ಹೈ ನೋಟ್‌ನಲ್ಲಿ ಗಂಟಲು ಕೈ ಕೊಡೋದು ಯಾಕೆ?

ಫಸ್ಟ್ ಇಯರ್‌ನಲ್ಲಿ ಫೆಸ್ಟ್‌ನ ಸೋಲೋ ಸಿಂಗಿಂಗ್‌ಗೆ ಹೆಸರು ಕೊಟ್ಟಿದ್ದೆ. ಪಲ್ಲವಿ ಚೆನ್ನಾಗೇ ಹೋಯ್ತು. ಚರಣದಲ್ಲಿ ಮೇಲಿನ ಸ್ವರ ಹಿಡಿಯೋಕೆ ಹೋದಾಗ ಧ್ವನಿ ಒಡೆದು ‘ಕೀಕ್’ ಅಂತು. ಹಿಂದಿನ ಬೆಂಚಿನವರು ನಕ್ಕರು. ಉಳಿದ ಹಾಡನ್ನು ಹೇಗೆ ಮುಗಿಸಿದೆ ಅಂತ ಈಗಲೂ ಸರಿಯಾಗಿ ನೆನಪಿಲ್ಲ. ಆಮೇಲೆ ಎಷ್ಟೋ ತಿಂಗಳು ಬಾತ್‌ರೂಮಿನಲ್ಲೂ ಹಾಡಲಿಲ್ಲ. ‘ನಂಗೆ ದೇವರು ಕಂಠ ಕೊಟ್ಟಿಲ್ಲ’ ಅಂತ ನಾನೇ ತೀರ್ಮಾನ ಮಾಡ್ಕೊಂಡಿದ್ದೆ.

ಈ ವರ್ಷ ಅಕ್ಕ ಬಲವಂತ ಮಾಡಿದ್ದಕ್ಕೆ ಕಂಟೆಂಪರರಿ ಸಿಂಗಿಂಗ್ ಕ್ಲಾಸಿಗೆ ಸೇರಿದೆ. ಅಂದ್ರೆ ಸಿನಿಮಾ ಹಾಡು, ಪಾಪ್, ರಾಕ್ ತರಹದ್ದನ್ನು ಮೈಕ್‌ನಲ್ಲಿ ಹಾಡೋ ರೀತಿ. ನನ್ನ ಕಥೆ ಕೇಳಿ ಮೇಡಂ ಹೇಳಿದ್ದು ಇಷ್ಟೇ: “ನಿನ್ನ ಕಂಠ ಕೆಟ್ಟಿಲ್ಲಪ್ಪ. ಗೇರ್ ಬದಲಾಯಿಸೋದು ಗೊತ್ತಿಲ್ಲ ಅಷ್ಟೆ.” ಅಲ್ಲಿ ಕಲಿತದ್ದರಲ್ಲಿ ನಮ್ಮಂಥ ಇಂಜಿನಿಯರಿಂಗ್ ಹುಡುಗರಿಗೆ ಬೇಗ ಅರ್ಥ ಆಗುವಂಥದ್ದು ಬಹಳ ಇದೆ. ಅದನ್ನೇ ಬರೀತಿದ್ದೀನಿ.

ಉಸಿರು: ಪವರ್ ಸಪ್ಲೈ

ಮೈಕ್ ಹಿಡಿದ ಕೂಡಲೇ ನಾವು ಭುಜ ಎತ್ತಿ ದೊಡ್ಡದಾಗಿ ಉಸಿರು ಎಳ್ಕೋತೀವಿ. ಅದರಿಂದ ಕುತ್ತಿಗೆ ಬಿಗಿಯಾಗುತ್ತೆ, ಅಷ್ಟೇ ಲಾಭ. ಉಸಿರು ಎಳೆದುಕೊಳ್ಳುವ ಮುಖ್ಯ ಸ್ನಾಯು ವಪೆ, ಅಂದರೆ ಡಯಾಫ್ರಮ್. ಅದು ಕೆಳಗಿಳಿದಾಗ ಹೊಟ್ಟೆ, ಪಕ್ಕೆ ಅಗಲವಾಗಬೇಕು, ಭುಜ ಇದ್ದಲ್ಲೇ ಇರಬೇಕು. ಎಷ್ಟು ಗಾಳಿ ತುಂಬ್ಕೊಂಡ್ವಿ ಅನ್ನೋದಕ್ಕಿಂತ ಎಷ್ಟು ಸಮವಾಗಿ ಬಿಡ್ತೀವಿ ಅನ್ನೋದು ಮುಖ್ಯ. ರೆಗ್ಯುಲೇಟರ್ ಇಲ್ಲದ ಸಪ್ಲೈ ಕೊಟ್ಟರೆ ಸರ್ಕ್ಯೂಟ್ ಹೇಗೆ ಆಡುತ್ತೋ ಧ್ವನಿಯೂ ಹಾಗೇ ಆಡುತ್ತೆ. ನಮ್ಮ ಮೊದಲ ಅಭ್ಯಾಸ ‘ಸ್‌ಸ್‌ಸ್’ ಅಂತ 20 ಸೆಕೆಂಡ್ ಒಂದೇ ಸಮನೆ ಗಾಳಿ ಬಿಡೋದು. ನಾನು ಮೊದಲ ದಿನ 9ಕ್ಕೇ ಖಾಲಿ.

ಗೇರ್ ಬದಲಾಗೋ ಜಾಗ

ಗಂಟಲಿನ ಒಳಗಿರೋ ಎರಡು ಧ್ವನಿತಂತುಗಳ ಉದ್ದ ಹೆಚ್ಚೆಂದರೆ ಎರಡು ಎರಡೂವರೆ ಸೆಂಟಿಮೀಟರ್. ಕೀಬೋರ್ಡಿನ ನಡುಭಾಗದ 440 ಹರ್ಟ್ಸ್ ಸ್ವರ ಹಾಡಿದರೆ ಅವು ಸೆಕೆಂಡಿಗೆ 440 ಸಲ ತೆರೆದು ಮುಚ್ಚುತ್ತವೆ! ಕೆಳಗಿನ ಸ್ವರಗಳಲ್ಲಿ ತಂತು ದಪ್ಪಗೆ, ಗಿಡ್ಡಗೆ ಇರುತ್ತೆ. ಇದು ಚೆಸ್ಟ್ ವಾಯ್ಸ್. ಮೇಲಿನ ಸ್ವರಗಳಿಗೆ ಅದು ಎಳೆದು ತೆಳ್ಳಗಾಗಬೇಕು. ಇದು ಹೆಡ್ ವಾಯ್ಸ್. ಎರಡನ್ನೂ ಬೇರೆ ಬೇರೆ ಸ್ನಾಯುಗಳು ನಿಭಾಯಿಸುತ್ತವೆ.

ನಾನು ಮಾಡಿದ ತಪ್ಪು ಏನಂದ್ರೆ, ಚೆಸ್ಟ್ ವಾಯ್ಸನ್ನೇ ಜೋರು ಮಾಡಿ ಮೇಲಕ್ಕೆ ತಳ್ಳಿದ್ದು. ಫಸ್ಟ್ ಗೇರ್‌ನಲ್ಲೇ ಬೈಕ್ ಓಡಿಸಿ ಆಕ್ಸಿಲರೇಟರ್ ತಿರುವಿದ ಹಾಗೆ. ಒಂದು ಹಂತದಲ್ಲಿ ತಂತು ತಡೆಯಲಾರದೆ ಇನ್ನೊಂದು ಗೇರ್‌ಗೆ ಜಿಗಿಯುತ್ತೆ. ಅದೇ ಆ ‘ಕೀಕ್’.

ಇದಕ್ಕೆ ಮದ್ದು ಜ್ಯೂಸ್ ಕುಡಿಯೋ ಸ್ಟ್ರಾ! ಸ್ಟ್ರಾವನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು, ಅದರ ಮೂಲಕ ‘ಊ’ ಅಂತ ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಸೈರನ್ ಥರ ಜಾರಿಸಬೇಕು. ದಾರಿ ಕಿರಿದಾಗಿರೋದ್ರಿಂದ ಸ್ವಲ್ಪ ಒತ್ತಡ ವಾಪಸ್ ತಂತುಗಳ ಮೇಲೇ ಬೀಳುತ್ತೆ. ಆಗ ಅವು ಕಡಿಮೆ ಶ್ರಮದಲ್ಲಿ, ಒಂದಕ್ಕೊಂದು ಜೋರಾಗಿ ಬಡಿಯದೆ ಕಂಪಿಸುತ್ತವೆ. ಗೇರ್ ನಿಧಾನಕ್ಕೆ ಬದಲಾಗೋದನ್ನು ಗಂಟಲು ಕಲಿಯುತ್ತೆ. ಸ್ಟ್ರಾ ಇಲ್ಲದಿದ್ರೆ ಚಿಕ್ಕ ಮಕ್ಕಳು ಬಸ್ ಓಡಿಸೋ ಹಾಗೆ ತುಟಿ ‘ಬುರ್‌ರ್’ ಅನ್ನಿಸಿ. ದಿನಾ ಹತ್ತು ನಿಮಿಷ ಸಾಕು. ರೂಮ್‌ಮೇಟ್ ನಗ್ತಾನೆ, ನಗಲಿ.

ಶ್ರುತಿ ಇಳಿಸೋದು ಸೋಲಲ್ಲ

ಕರ್ನಾಟಕ ಸಂಗೀತದಲ್ಲಿ ಪ್ರತಿಯೊಬ್ಬರೂ ತಮ್ಮ ಕಂಠಕ್ಕೆ ಹೊಂದೋ ಶ್ರುತಿ ಇಟ್ಕೊಂಡೇ ಸರಳೆ ವರಸೆ ಶುರು ಮಾಡ್ತಾರೆ. ಆದರೆ ಸಿನಿಮಾ ಹಾಡು ಅಂದ ಕೂಡಲೇ ನಾವು ಕರೋಕೆ ಟ್ರ್ಯಾಕ್ ಇರೋ ಶ್ರುತಿಯಲ್ಲೇ ಹಾಡ್ತೀವಿ. ಆ ಶ್ರುತಿ ಮೂಲ ಗಾಯಕರ ಗಂಟಲಿಗೆ ಹೊಂದಿಸಿದ್ದು, ನಮ್ಮದಕ್ಕಲ್ಲ. ಎರಡು ಸೆಮಿಟೋನ್ ಇಳಿಸಿದರೆ ಪ್ರತಿ ಸ್ವರದ ಫ್ರೀಕ್ವೆನ್ಸಿ ಸುಮಾರು ಶೇ. 11 ಕಡಿಮೆ ಆಗುತ್ತೆ. ಕೇಳುಗರಿಗೆ ವ್ಯತ್ಯಾಸ ಗೊತ್ತಾಗೋದೇ ಕಷ್ಟ, ಗಂಟಲಿಗೆ ಮಾತ್ರ ದೊಡ್ಡ ಬಿಡುಗಡೆ.

ಮೈಕ್ ಕೂಡ ವಾದ್ಯವೇ

1920ರ ದಶಕದಲ್ಲಿ ವಿದ್ಯುತ್ ಮೈಕ್ ಬಂದಮೇಲೆ ಗಾಯಕರು ಸಭಾಂಗಣದ ಕೊನೆಯ ಸಾಲಿಗೆ ಕೇಳೋ ಹಾಗೆ ಕೂಗಬೇಕಾದ ಅಗತ್ಯ ಹೋಯ್ತು. ಪಿಸುಮಾತಿನಂಥ ಹಾಡುಗಾರಿಕೆ ಸಾಧ್ಯವಾಯ್ತು. ಹಾಗಾಗಿ ಕಂಟೆಂಪರರಿ ಕ್ಲಾಸಿನಲ್ಲಿ ಮೈಕ್ ಹಿಡಿಯೋದೂ ಪಾಠ. ಸ್ಟೇಜ್ ಮೈಕ್ ತುಂಬಾ ಹತ್ತಿರ ತಂದರೆ ಬೇಸ್ ಹೆಚ್ಚುತ್ತೆ, ಅಬ್ಬರದ ಜಾಗದಲ್ಲಿ ಸ್ವಲ್ಪ ದೂರ ಹಿಡೀಬೇಕು. ರ‍್ಯಾಪರ್‌ಗಳ ಥರ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ. ಹಿಂದಿನ ಶಬ್ದವನ್ನು ತಡೆಯೋ ರಂಧ್ರಗಳೂ ಮುಚ್ಚಿಹೋಗಿ ‘ಕುಂಯ್’ ಅನ್ನೋ ಫೀಡ್‌ಬ್ಯಾಕ್ ಬರುತ್ತೆ.

ಹಾಗಾದ್ರೆ ಧೈರ್ಯ?

ಧೈರ್ಯ ಬಂದಮೇಲೆ ಹಾಡೋಣ ಅಂತ ನಾನು ಕಾದಿದ್ದೆ. ಅದು ಬರಲಿಲ್ಲ. ಭಯ ಆದಾಗ ಉಸಿರು ಮೇಲ್ಮೇಲಕ್ಕೆ ಬರುತ್ತೆ, ಬಾಯಿ ಒಣಗುತ್ತೆ, ಗಂಟಲು ಬಿಗಿಯುತ್ತೆ. ಹಾಡೋಕೆ ಬೇಕಾದದ್ದೆಲ್ಲ ಒಟ್ಟಿಗೇ ಕೆಡುತ್ತೆ. ‘ಭಯ ಪಡಬೇಡ’ ಅಂದ್ರೆ ಇದ್ಯಾವುದೂ ನಿಲ್ಲಲ್ಲ. ಆದರೆ ಒಳಗಿರೋ ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಭುಜ ಇಳಿಸಿ, ಹೊಟ್ಟೆಯಿಂದ ಮತ್ತೆ ಎಳ್ಕೊಳ್ಳೋದು ನಮ್ಮ ಕೈಯಲ್ಲಿದೆ. ಮಾಡೋಕೆ ಒಂದು ಕೆಲಸ ಇದ್ದಾಗ ಭಯಕ್ಕೆ ಜಾಗ ಸ್ವಲ್ಪ ಕಮ್ಮಿ.

ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಇಂಜಿನಿಯರಿಂಗ್ ಓದೋಕೆ ಸೇರಿದ್ದವರು, ಶಾಸ್ತ್ರೀಯವಾಗಿ ಸಂಗೀತ ಕಲಿತವರಲ್ಲ. ಆದರೂ ಕನ್ನಡದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಶಾಸ್ತ್ರೀಯ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇದನ್ನು ಕೇಳಿ ‘ನೋಡು, ಅವರಿಗೆ ಹುಟ್ಟಿನಿಂದಲೇ ಬಂದಿತ್ತು’ ಅಂತೀವಿ. ಕೇಳಿ ಕೇಳಿ, ಹಾಡಿ ಹಾಡಿ ಅವರು ಕಲಿತದ್ದನ್ನು ಮರೆತುಬಿಡ್ತೀವಿ.

ಹೋದ ತಿಂಗಳು ಡಿಪಾರ್ಟ್‌ಮೆಂಟ್ ಫಂಕ್ಷನ್‌ನಲ್ಲಿ ಅದೇ ಹಾಡನ್ನು ಎರಡು ಸೆಮಿಟೋನ್ ಇಳಿಸಿ ಹಾಡಿದೆ. ಮೊದಲ ಸಾಲಿನಲ್ಲಿ ಕೈ, ಧ್ವನಿ ಎರಡೂ ನಡುಗಿದವು. ಚರಣ ಬಂತು, ಮೇಲಿನ ಸ್ವರ ಸ್ವಲ್ಪ ತೆಳ್ಳಗೆ ಬಂತು, ಆದರೆ ಒಡೆಯಲಿಲ್ಲ. ಇಳಿದು ಬಂದಾಗ ನನ್ನ ಬೆಂಚ್‌ಮೇಟ್ ಕೇಳಿದ್ದು, “ಮಗಾ, ಇದೇ ಹಾಡಲ್ವಾ ಹೋದ ಸಲ?”

ಕೊನೆಗೆ ಎರಡು ಎಚ್ಚರಿಕೆ. ನೋವಾದರೆ ಅವತ್ತಿಗೆ ಹಾಡು ನಿಲ್ಲಿಸಿ. ಗಂಟಲು ಕಟ್ಟಿದ್ದು ಎರಡು ಮೂರು ವಾರವಾದರೂ ಬಿಡದಿದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಇನ್ನು ಹಾಡೋಕೆ ಜಾಗ ಇಲ್ಲ ಅನ್ನೋರಿಗೆ ಹಾಸ್ಟೆಲ್ ಬಾತ್‌ರೂಮ್ ಇದ್ದೇ ಇದೆ. ಟೈಲ್ಸ್‌ನಿಂದ ಬರೋ ಪ್ರತಿಧ್ವನಿಗೆ ಎಲ್ಲರ ಕಂಠವೂ ಚೆನ್ನಾಗೇ ಕೇಳುತ್ತೆ. ನಾನು ಮತ್ತೆ ಶುರು ಮಾಡಿದ್ದೂ ಅಲ್ಲಿಂದಲೇ.